ಆಟವೂ ವಾದ್ಯವೂ

ಆಟವು ಬಾಲಕರ ಕಾಲಹರಣವೆಂದೂ ವಾದ್ಯವು ವಿದ್ವಾಂಸರ ಸೊತ್ತೆಂದೂ ಬೇರೆಬೇರೆಯಾಗಿ ಎಣಿಸುವುದು ನಮ್ಮ ವಾಡಿಕೆ. ಪೂರ್ವಿಕರ ಎಣಿಕೆ ಬೇರೆಯಾಗಿದ್ದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ 5 ವಿಂಶತಿಗಳ ಪೈಕಿ ನಾಲ್ಕನೆಯದು ಗೀತ ವಾದ್ಯ ನೃತ್ಯಗಳಿಗೂ ಐದನೆಯದು ಕ್ರೀಡೆಗಳಿಗೂ ಎಡೆಗೊಟ್ಟಿದೆ. ರಾಜ್ಯಭಾರದ ನೀತಿಯನ್ನು ಹೇಳುವ ಗ್ರಂಥವೇ ಇವೆರಡನ್ನೂ ಅರಸನು ಅರಿಯತಕ್ಕ ವಿಷಯಗಳಲ್ಲಿ ಸೇರಿಸಿತು.

ಅರಮನೆಯ ಗ್ರಂಥದಲ್ಲಿ ನೆರೆಹೊರೆಯಾಗಿದ್ದ ಇವು ಜನಪದರ ಕೈಯಲ್ಲಿ ಒಂದೇ ಆದುವು. ಕೋಲಾಟದ ಕೋಲು ಆಟದ ಸಾಧನವೂ ಹೌದು, ತಾಳದ ವಾದ್ಯವೂ ಹೌದು. ಮಲೆಯ ಮಾದೇಶ್ವರನ ಗುಡ್ಡರು ಎಡಗೈಯಲ್ಲಿ ಕಂಚಿನ ಬಟ್ಟಲನ್ನು ಹಿಡಿದು, ಬಲಗೈಯ ದಾರಕ್ಕೆ ಕಟ್ಟಿದ ಇನ್ನೊಂದು ತಾಳವನ್ನು ಬೀಸಿ ಬಡಿಯುವ ಕಂಸಾಳೆಯಲ್ಲಿ ಲಯ ತಪ್ಪಿದರೆ ಪಟ್ಟೂ ತಪ್ಪುತ್ತದೆ.

ಸೋಮೇಶ್ವರನ ಗ್ರಂಥವು ಬರೋಡೆಯಲ್ಲಿ 1925ರಿಂದ ಮೊದಲುಗೊಂಡು ಅಚ್ಚಾಗಿ ಉಳಿದುಕೊಂಡಿತು. ಕೈಯ ಪಟ್ಟನ್ನಾದರೋ ನೋಡಿಯೇ ಕಲಿಯಬೇಕು. ಬೆಂಗಳೂರು ಈಗ ಗೊಟ್ಟಿಗೆರೆಯಂಥ ಹಳ್ಳಿಗಳನ್ನು ತನ್ನೊಳಗೆ ಕೂಡಿಸಿಕೊಂಡಿದೆ. ಅಲ್ಲಿಯ ಮಕ್ಕಳ ಕೈಗೆ ಒಂದು ಜೊತೆ ಕೋಲನ್ನಿತ್ತು ಹೆಜ್ಜೆಯನ್ನು ತಿದ್ದುವ ಹಿರಿಯರು ಇರುವಷ್ಟು ಕಾಲ ಮಾತ್ರ ಈ ವಿದ್ಯೆ ಬಾಳೀತು.