ಕರೆನ್ಸಿ

ಇಂಗ್ಲಿಷ್ ನಿಘಂಟನ್ನು ತೆರೆದರೆ 'ಕರೆನ್ಸಿ' ಎಂಬ ಶಬ್ದಕ್ಕೆ ಚಲಾವಣೆಯಲ್ಲಿರತಕ್ಕ ನಾಣ್ಯ, ನೋಟು ಎಂಬ ಅರ್ಥವೇ ಪ್ರಧಾನವಾಗಿ ಕಾಣಿಸುತ್ತದೆ. ಆದರೆ ಕನ್ನಡನಾಡಿನ ಯಾವುದಾದರೊಂದು ಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನ ಮಗ್ಗುಲಿನ ಗೂಡಂಗಡಿಯ ಮುಂದೆ ನಿಂತು 'ಕರೆನ್ಸಿ ಹಾಕ್ತೀರಾ?' ಎಂದು ಕೇಳಿದಿರಾದರೆ, ಅಂಗಡಿಯವನು ಗಲ್ಲಾಪೆಟ್ಟಿಗೆಯ ಕಡೆ ಕೈ ಚಾಚದೆ, ತನ್ನ ಮೊಬೈಲನ್ನೆತ್ತಿಕೊಂಡು 'ನಂಬರ್ ಹೇಳಿ' ಎನ್ನುತ್ತಾನೆ. ಮೊಬೈಲ್ ಕಂಪನಿಗಳ ಕಾಗದಪತ್ರಗಳಲ್ಲಿ, ಮಾತಿಗೆ ಮುಂಗಡವಾಗಿ ತುಂಬಿಸುವ ಈ ಪದಾರ್ಥಕ್ಕೆ ಟಾಕ್‌ಟೈಮ್, ಬ್ಯಾಲೆನ್ಸ್, ಟಾಪ್‌ಅಪ್ ಎಂದು ಬಗೆಬಗೆಯ ನಾಮಧೇಯಗಳಿದ್ದವು. ನಮ್ಮ ಜನ ಅವನ್ನೆಲ್ಲ ವಿನಯದಿಂದ ಬದಿಗೆ ಸರಿಸಿ, ಕರೆನ್ಸಿ ಹಾಕಿಸುವುದು, ಕರೆನ್ಸಿ ಕಟ್ಟಾಗುವುದು, ಕರೆನ್ಸಿ ಖಾಲಿಯಾಗುವುದು ಎಂದು ತಮ್ಮದೇ ಆದ ಒಂದು ಸಂಸಾರವನ್ನು ಆ ಶಬ್ದದ ಸುತ್ತ ಕಟ್ಟಿಕೊಂಡರು. 'ಕರೆನ್ಸಿ ಇಲ್ಲ, ನೀನೇ ಮಾಡು' ಎಂಬುದು ಒಂದು ಕಾಲಕ್ಕೆ ಮಿಸ್ಡ್ ಕಾಲಿನ ಸಾರ್ವತ್ರಿಕ ತಾತ್ಪರ್ಯವಾಗಿತ್ತು.

ಈ ಶಬ್ದಕ್ಕೆ ನಮ್ಮಲ್ಲಿ ಇಷ್ಟು ಬೇಗ ಒಕ್ಕಲಾಗಲು ಅದರ ಮೊದಲೆರಡು ಅಕ್ಷರಗಳೂ ನೆರವಾಗಿರಬೇಕೆಂದು ನನ್ನ ಊಹೆ. 'ಕರೆ' ಎಂದರೆ ಕೂಗು, ಆಹ್ವಾನ. ದೂರವಾಣಿಯಲ್ಲಿ ಮಾತನಾಡುವುದಕ್ಕೂ ನಾವು ಇಟ್ಟುಕೊಂಡಿರುವ ಹೆಸರು ಅದೇ. ಹಸುವನ್ನು ಕರೆಯುವುದು ಎಂಬಲ್ಲಿಯೂ ಇದೇ ರೂಪವುಂಟಷ್ಟೆ. ಹಳಗನ್ನಡದಲ್ಲಿ ಕೂಗುವ 'ಕರೆ'ಗೆ ಸಾಮಾನ್ಯ ರೇಫವೂ ಹಾಲು ಹಿಂಡುವ 'ಕಱೆ'ಗೆ ಶಕಟರೇಫವೂ ಇದ್ದು ಎರಡು ಕ್ರಿಯೆಗಳೂ ಬೇರೆಬೇರೆಯಾಗಿ ನಿಂತಿದ್ದವು. ಶಕಟರೇಫವು ಬಳಕೆಯಿಂದ ಬಿಟ್ಟುಹೋದ ಮೇಲೆ ಕೂಗಿಗೂ ಹಿಂಡುವಿಕೆಗೂ ಇದ್ದ ಭೇದವು ಅಳಿಸಿಹೋಯಿತು. ಹೀಗೆ ಅಳಿಸಿಹೋದ ಭೇದದ ಲಾಭವನ್ನು ಕಂಪನಿಗಳು ಪಡೆದುಕೊಂಡಿವೆಯೆಂದು ಹೇಳಿದರೆ ವೈಯಾಕರಣರು ನಗಬಹುದು, ಗ್ರಾಹಕರು ನಗಲಾರರು.

ಭಾರತದಲ್ಲಿ ಮೊದಲನೆಯ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಅಲ್ಲಿಂದ ಮುಂದೆ 2003ರವರೆಗೂ, ಕೂಗಿದವನು ಮಾತ್ರವಲ್ಲದೆ ಓಗೊಟ್ಟವನೂ ನಿಮಿಷದ ಲೆಕ್ಕದಲ್ಲಿ ಹಣ ತೆರಬೇಕಾಗಿದ್ದಿತು. ಒಳಬರುವ ಕರೆ ಉಚಿತವಾದ ಮೇಲೆಯೇ ಮೊಬೈಲು ಶ್ರೀಸಾಮಾನ್ಯನ ಜೇಬಿಗೆ ಇಳಿದದ್ದು, ಅದರ ಹಿಂದೆಯೇ ಕರೆನ್ಸಿಯೂ ಬಂದದ್ದು. ಆಗಿನ ರೀಚಾರ್ಜ್ ಕಾರ್ಡಿನ ಬೆನ್ನ ಮೇಲಿನ ಬೆಳ್ಳಿಬಣ್ಣದ ಪಟ್ಟಿಯನ್ನು ನಾಣ್ಯದ ಅಂಚಿನಿಂದ ಕೆರೆದು, ಕೆಳಗೆ ಅಡಗಿದ್ದ ಸಂಖ್ಯೆಯನ್ನು ಒಂದೊಂದಾಗಿ ಒತ್ತಿ, ಹಣ ಬಿದ್ದಿತೆಂಬ ಸಂದೇಶ ಬರುವವರೆಗೆ ಉಸಿರು ಬಿಗಿಹಿಡಿದವರು ಇನ್ನೂ ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಹಾಕಿಸಿದ್ದೆಲ್ಲವೂ ದಕ್ಕುತ್ತಿತ್ತೆಂದೇನೂ ಅಲ್ಲ, ಈಗಲೂ ಹಾಗೆಯೇ: ಹತ್ತು ರೂಪಾಯಿಯ ಟಾಪ್‌ಅಪ್ಪಿನಲ್ಲಿ, ಶೇಕಡಾ 18ರ ಜಿಎಸ್‌ಟಿಯೂ ಒಂದು ರೂಪಾಯಿ ಕೂಲಿಯೂ ಕಳೆದು, ಕೈಗೆ ಬರುವುದು 7 ರೂಪಾಯಿ 47 ಪೈಸೆ. ಆದರೆ ಹಾಗೆ ಬಂದ 7 ರೂಪಾಯಿ 47 ಪೈಸೆ ಗ್ರಾಹಕನ ಸೊತ್ತು. ಟಾಪ್‌ಅಪ್ಪಿನ ಹಣಕ್ಕೆ ಅವಧಿಯ ಮಿತಿಯನ್ನು ಹಾಕಕೂಡದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರ ನಿಯಮಾವಳಿಯಲ್ಲಿಯೇ ವಿಧಿಸಿತ್ತು. ಕಣಜದಲ್ಲಿಟ್ಟ ಭತ್ತದಂತೆ, ಬೇಕಾದಾಗ ತೆಗೆದು ಬೇಡವಾದಾಗ ಮುಚ್ಚಿಡಬಹುದಾದ ಒಂದು ಧನವೆಂಬ ಭಾವನೆಯಿಂದಲೇ ಜನ ಅದನ್ನು ಕರೆನ್ಸಿಯೆಂದದ್ದು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು, ಮಾತು ಉಚಿತ, ಡೇಟಾಕ್ಕೆ ಮಾತ್ರ ಬೆಲೆ ಎಂದು ಸಾರಿದ ಮೇಲೆ ಈ ವ್ಯವಸ್ಥೆಯ ಬುಡವೇ ಅಲುಗಾಡಿತು. 2018ರ ಕೊನೆಯ ಹೊತ್ತಿಗೆ ಹಳೆಯ ಕಂಪನಿಗಳು, ಒಳಬರುವ ಕರೆಗಳು ಬರುತ್ತಲೇ ಇರಬೇಕಾದರೆ 28 ದಿನಗಳಿಗೊಮ್ಮೆ ಕನಿಷ್ಠ 35 ರೂಪಾಯಿಯನ್ನು ಹಾಕಿಸತಕ್ಕದ್ದೆಂದು ಗೊತ್ತುಮಾಡಿದವು. ಕರೆನ್ಸಿಯ ಸಿಂಹಾಸನದ ಮೇಲೆ 'ವ್ಯಾಲಿಡಿಟಿ' ಎಂಬ ಹೊಸ ಶಬ್ದವು ಬಂದು ಕುಳಿತುಕೊಂಡಿತು. 28 ದಿನವೆಂಬುದು ಚಾಂದ್ರಮಾನಕ್ಕೂ ಸೌರಮಾನಕ್ಕೂ ಸೇರದ ಒಂದು ವಿಚಿತ್ರ ಮಾಸ. ಅದರ ಮಹಿಮೆಯಿಂದ ಸಂವತ್ಸರವೊಂದಕ್ಕೆ ಹದಿಮೂರು ತಿಂಗಳಾಗುತ್ತವೆ, ನಮ್ಮ ಪಂಚಾಂಗದಲ್ಲಿ ಎಂದೋ ಒಮ್ಮೆ ಬರುವ ಅಧಿಕಮಾಸವು ಕಂಪನಿಯ ಪಂಚಾಂಗದಲ್ಲಿ ವರ್ಷವರ್ಷವೂ ಬರುತ್ತದೆ. ಮೂವತ್ತು ದಿನಗಳ ಪ್ಲಾನನ್ನು ಒಂದಾದರೂ ಇಟ್ಟಿರಬೇಕೆಂದು 2022ರ ಜನವರಿಯಲ್ಲಿ ಟ್ರಾಯ್ ಆಜ್ಞೆ ಮಾಡಬೇಕಾಯಿತೆಂದರೆ ಈ ಹದಿಮೂರನೆಯ ಮಾಸದ ದೂರು ಎಷ್ಟು ವ್ಯಾಪಕವಾಗಿತ್ತೆಂಬುದನ್ನು ಊಹಿಸಬಹುದು.

ತೀರ್ಥಹಳ್ಳಿಯ ಕಡೆಯ ಒಂದು ಅಂಗಡಿಯಲ್ಲಿ ನಾನು ಕೇಳಿದ ಸಂಭಾಷಣೆಯೊಂದು ಈ ಎರಡು ಶಬ್ದಗಳ ವ್ಯಾಜ್ಯವನ್ನು ಯಾವ ಪ್ರಬಂಧಕ್ಕಿಂತಲೂ ಚೆನ್ನಾಗಿ ನಿರೂಪಿಸುತ್ತದೆ. ಸೆರಗಿನ ಗಂಟಿನಿಂದ ಬಟನ್ ಫೋನನ್ನು ಬಿಚ್ಚಿಟ್ಟ ವೃದ್ಧೆಯೊಬ್ಬಳು, 'ಹೋದ ತಿಂಗಳು ಹಾಕ್ಸಿದ್ ಕರೆನ್ಸಿ ಎಲ್ಲಿಗೆ ಹೋಯ್ತು ಮಾರಾಯಾ? ನಾನು ಒಂದು ಫೋನೂ ಮಾಡಿಲ್ಲ' ಎಂದಳು. ಅಂಗಡಿಯ ಹುಡುಗನು ಪರೀಕ್ಷಿಸಿ ನೋಡಿ, 'ಕರೆನ್ಸಿ ಇದೆ ಅಜ್ಜಿ, ವ್ಯಾಲಿಡಿಟಿ ಇಲ್ಲ' ಎಂದನು. 'ಇದ್ರೆ ಮತ್ತೆ ಮಗಳ ಫೋನು ಯಾಕೆ ಬರಲ್ಲ?' ಎಂದು ಆಕೆ ಕೇಳಿದ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ದುಡ್ಡು ಉಂಟು, ಆದರೆ ಅದು ಸಲ್ಲುವುದಿಲ್ಲ. ಚಲಾವಣೆಯೇ ಪ್ರಾಣವಾಗಿರುವ ಶಬ್ದಕ್ಕೆ ಇದಕ್ಕಿಂತ ಹೀನಾಯವಾದ ಗತಿಯನ್ನು ಕಲ್ಪಿಸುವುದು ಕಷ್ಟ. ಕೊನೆಗೆ ಆಕೆಯು ಕೊಂಡ ಪ್ಲಾನಿನಲ್ಲಿ ಆ ಬಟನ್ ಫೋನು ಎಂದೆಂದಿಗೂ ಬಳಸಲಾರದ ಡೇಟಾವೂ ಸೇರಿತ್ತು.

ಇದಕ್ಕಿಂತ ಗಹನವಾದ ನಷ್ಟವೊಂದು ಮಲೆನಾಡಿನಲ್ಲಿ ಕಾಣಿಸುತ್ತದೆ. ಅಲ್ಲಿ 'ಟವರ್ ಇಲ್ಲ', 'ರೇಂಜ್ ಸಿಗಲ್ಲ' ಎಂಬ ಮಾತುಗಳು ಮಳೆಯ ವಿಚಾರದಷ್ಟೇ ಸಹಜ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ, ಬ್ಯಾಟರಿಯ ಕಸುವು ಇರುವವರೆಗೆ ಟವರು ಜೀವ ಹಿಡಿದಿದ್ದು, ಜನರೇಟರಿಗೆ ಡೀಸೆಲ್ ಇಲ್ಲದ ಪಕ್ಷದಲ್ಲಿ ತಾನೂ ಮಲಗಿಬಿಡುತ್ತದೆ. ಮನೆಯ ಹಿಂದಿನ ಗುಡ್ಡ ಹತ್ತಿ ಕರೆ ಮಾಡಲೆಳಸಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆಂದು ಯಂತ್ರದ ಹೆಂಗಸು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ತಿಳಿಸುತ್ತಾಳೆ. ಚಂದಾದಾರನು ತನ್ನ ಅಡುಗೆಮನೆಯಲ್ಲಿಯೇ ಇರುತ್ತಾನೆ. ಹೊರಗೆ ಹೋಗಿರುವುದು ವ್ಯಾಪ್ತಿ. ಕರೆನ್ಸಿಯ ಕಾಲದಲ್ಲಿ ಇಂಥ ದಿವಸಗಳ ನಷ್ಟವು ಕಂಪನಿಯದಾಗಿತ್ತು; ಕರೆ ಹೋಗದಿದ್ದರೆ ಹಣವೂ ಹೋಗುತ್ತಿರಲಿಲ್ಲವಾದ್ದರಿಂದ, ಟವರನ್ನು ಎಬ್ಬಿಸಿ ನಿಲ್ಲಿಸುವುದರಲ್ಲಿ ಅದಕ್ಕೂ ಸ್ವಾರ್ಥವಿತ್ತು. ವ್ಯಾಲಿಡಿಟಿಯ ಕಾಲದಲ್ಲಾದರೋ ಟವರು ಮಲಗಿದರೂ ದಿನ ಮಲಗುವುದಿಲ್ಲ. ಕತ್ತಲಲ್ಲಿ ಕಳೆದ ಐದು ದಿನಗಳೂ ಇಪ್ಪತ್ತೆಂಟರಲ್ಲಿ ಸೇರಿ ಸಂದುಹೋಗುತ್ತವೆ. ಬೆಲೆಯನ್ನು ಮಾತಿನಿಂದ ದಿನಕ್ಕೆ ಬದಲಾಯಿಸಿದ ಆ ಒಂದು ಕ್ರಮದಿಂದ, ಸಂಪರ್ಕ ತಪ್ಪಿದಾಗಿನ ಹೊರೆಯು ಸದ್ದಿಲ್ಲದೆ ಮಾರುವವನ ಹೆಗಲಿಂದ ಕೊಳ್ಳುವವನ ಹೆಗಲಿಗೆ ವರ್ಗವಾಯಿತು. ಜನರು ಈಗಲೂ ಹಟದಿಂದ ಕರೆನ್ಸಿಯೆಂದೇ ಹೇಳುತ್ತಿರುವುದನ್ನು ಅಜ್ಞಾನವೆಂದು ತಿಳಿಯಬೇಕಾಗಿಲ್ಲ. ಆ ಶಬ್ದದಲ್ಲಿ ಕೈತಪ್ಪಿದ ಒಂದು ಹಕ್ಕಿನ ನೆನಪು ಉಳಿದುಕೊಂಡಿದೆ.

ಆಳುವವರು ಕಿವುಡರಾಗಿದ್ದಾರೆಂದು ಹೇಳಿದರೆ ಅನ್ಯಾಯವಾದೀತು. ಡೇಟಾದ ಹಂಗಿಲ್ಲದೆ ಮಾತಿಗೂ ಎಸ್ಸೆಮ್ಮೆಸ್ಸಿಗೂ ಮಾತ್ರ ಸಲ್ಲುವ ಪ್ಲಾನುಗಳನ್ನು ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿತು. ಆದರೆ ಮರುತಿಂಗಳು ದೊಡ್ಡ ಕಂಪನಿಗಳು ಹೊರತಂದ ಪ್ಲಾನುಗಳು 84 ದಿನಗಳಿಗೆ ನಾನೂರು ರೂಪಾಯಿಗೂ ಮಿಕ್ಕ ಬೆಲೆಯವಾಗಿದ್ದು, ಸೆರಗಿನ ಗಂಟಿಗೆ ಒಮ್ಮೆಗೇ ಭಾರವೆನಿಸತಕ್ಕವು. ಸಂಪರ್ಕ ಎಲ್ಲೆಲ್ಲಿ ಉಂಟೆಂಬ ನಕಾಶೆಯನ್ನು ಕಂಪನಿಗಳು ಪ್ರಕಟಿಸಬೇಕೆಂಬ ನಿಯಮವೂ ಅದೇ ವರ್ಷದ್ದು. ಅದರ ಜೊತೆಯಲ್ಲಿಯೇ ಬಂದ ಇನ್ನೊಂದು ವಿಧಿ ನಮ್ಮ ಪ್ರಕೃತಕ್ಕೆ ಇನ್ನೂ ಹತ್ತಿರವಾದದ್ದು: ಒಂದು ಜಿಲ್ಲೆಯಲ್ಲಿ ಇಪ್ಪತ್ತನಾಲ್ಕು ಗಂಟೆಗೂ ಹೆಚ್ಚು ಕಾಲ ಸೇವೆ ನಿಂತುಹೋದರೆ, ಆ ದಿನಗಳನ್ನು ಪ್ರಿಪೇಯ್ಡ್ ಗ್ರಾಹಕನ ವ್ಯಾಲಿಡಿಟಿಗೆ ಮರಳಿ ಕೂಡಿಸತಕ್ಕದ್ದು.

ಕಳೆದ ದಿನವನ್ನು ಹಿಂದಿರುಗಿಸಬೇಕೆಂಬ ತತ್ತ್ವವನ್ನು ಈ ವಿಧಿಯು ಒಪ್ಪಿಕೊಂಡಿದೆಯಾದ್ದರಿಂದ, ಇನ್ನು ಚರ್ಚೆ ಉಳಿದಿರುವುದು ಅಳತೆಯ ವಿಷಯದಲ್ಲಿ ಮಾತ್ರ. ಮಲೆನಾಡಿನಲ್ಲಿ ಇಡೀ ಜಿಲ್ಲೆಯ ಸಂಪರ್ಕ ಒಟ್ಟಿಗೆ ಕಡಿದುಹೋಗುವುದು ಅಪರೂಪ. ಒಂದು ಟವರು, ಅದರ ಕೆಳಗಿನ ಮೂರು ಊರು, ಹೀಗೆ ಬಿಡಿಬಿಡಿಯಾಗಿಯೇ ಅದು ಕಡಿಯುತ್ತದೆ, ಜಿಲ್ಲೆಯ ಲೆಕ್ಕಕ್ಕೆ ಎಂದೂ ಸಿಕ್ಕುವುದಿಲ್ಲ. ಯಾವ ಟವರು ಯಾವ ಗಳಿಗೆಯಲ್ಲಿ ಮಲಗಿತು, ಯಾವಾಗ ಎದ್ದಿತೆಂಬುದು ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಹೇಗೂ ದಾಖಲಾಗುತ್ತದೆ. ನಿಯಮದಲ್ಲಿ 'ಜಿಲ್ಲೆ' ಎಂದಿರುವ ಕಡೆ 'ಟವರು' ಎಂದು ತಿದ್ದಿದರೆ ಸಾಕು.