ಗಲ್ಲಾಪೆಟ್ಟಿಗೆಯ ಸಾಕ್ಷ್ಯ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತೆಂಬುದನ್ನು ಚಲನಚಿತ್ರ ಚರಿತ್ರೆಯ ಯಾವ ಪುಸ್ತಕವಾದರೂ ಹೇಳುತ್ತದೆ. ಆದರೆ ಒಂದು ಚಿತ್ರವನ್ನು ನೋಡಿದವರೆಷ್ಟು, ಅದಕ್ಕೆ ಬಂದ ಹಣವೆಷ್ಟು ಎಂದು ತಿಳಿಯಬಯಸುವವನು ಬೇರೆಯೇ ಬಾಗಿಲುಗಳನ್ನು ತಟ್ಟಬೇಕಾಗುತ್ತದೆ.

ಮೊದಲು ಕೈಗೆ ಸಿಗುವುದು ಹಳೆಯ ಪತ್ರಿಕೆಗಳ ಜಾಹೀರಾತು. ಅದು ದಿನಗಳನ್ನು ಎಣಿಸುತ್ತದೆಯೇ ಹೊರತು ಜನರನ್ನಲ್ಲ. ದಿನಕ್ಕೆ ನಾಲ್ಕು ಆಟದ ನೂರು ದಿನವೂ ಬೆಳಗಿನ ಒಂದೇ ಆಟದ ನೂರು ದಿನವೂ ಅಲ್ಲಿ ಒಂದೇ ಬಗೆಯ ಶತದಿನೋತ್ಸವ. ಚಿತ್ರಮಂದಿರದ ಆಸನಗಳನ್ನು ಆಟಗಳ ಸಂಖ್ಯೆಯಿಂದ ಗುಣಿಸಿದರೆ ಪ್ರೇಕ್ಷಕರ ಗರಿಷ್ಠ ಮಿತಿ ದೊರಕೀತು. ಬಂದವರ ಲೆಕ್ಕ ದೊರಕದು.

ಎರಡನೆಯದು ತೆರಿಗೆಯ ದಾಖಲೆ. ಬಂಗಾಳದಲ್ಲಿ 1922ರಲ್ಲಿ, ಮುಂಬಯಿ ಪ್ರಾಂತದಲ್ಲಿ 1923ರಲ್ಲಿ ಮನರಂಜನಾ ತೆರಿಗೆ ಜಾರಿಗೆ ಬಂದಿತು. ನಮ್ಮ ರಾಜ್ಯದ ಕಾಯಿದೆ 1958ರದು. ತೆರಿಗೆ ಟಿಕೆಟ್ಟಿನ ಮೇಲಿದ್ದುದರಿಂದ ಯಾವ ದರ್ಜೆಯ ಎಷ್ಟು ಟಿಕೆಟ್ಟು ಮಾರಾಟವಾಯಿತೆಂದು ಚಿತ್ರಮಂದಿರದವರು ದಿನವೂ ಬರೆದಿಡಬೇಕಾಯಿತು. ಉದ್ಯಮದವರು ಡಿ.ಸಿ.ಆರ್. ಎನ್ನುವ ಆ ದಿನಗಳಿಕೆಯ ಪಟ್ಟಿಯೇ ಚರಿತ್ರಕಾರನ ನಿಜವಾದ ಶಾಸನ.

ಶಾಸನವನ್ನೂ ಪರೀಕ್ಷಿಸಿಯೇ ಓದಬೇಕಷ್ಟೆ. ಸಣ್ಣ ಊರುಗಳಲ್ಲಿ ಪ್ರತಿ ಟಿಕೆಟ್ಟಿಗೆ ಬದಲಾಗಿ ಆಟವೊಂದಕ್ಕೆ ಇಂತಿಷ್ಟೆಂದು ತೆರಿಗೆ ಕಟ್ಟುವ ಪದ್ಧತಿಯಿತ್ತು. ಅಲ್ಲಿ ಮಂದಿರ ತುಂಬಿತ್ತೋ ಬರಿದಾಗಿತ್ತೋ ತೆರಿಗೆಯ ಮೊತ್ತದಿಂದ ತಿಳಿಯದು. ವಿನಾಯಿತಿ ಪಡೆದ ಕನ್ನಡ ಚಿತ್ರಗಳ ಸಂಗತಿಯೂ ಹಾಗೆಯೇ. ಜಾಹೀರಾತಿಗೆ ಗಳಿಕೆಯನ್ನು ಹಿಗ್ಗಿಸುವ ಚಪಲ, ತೆರಿಗೆಯ ಕಾಗದಕ್ಕೆ ಕುಗ್ಗಿಸುವ ಚಪಲ. ಎರಡನ್ನೂ ಎದುರುಬದುರು ಇಟ್ಟು ನೋಡಬೇಕು.

ಮೂರನೆಯದು ವಿಚಾರಣಾ ಸಮಿತಿಗಳ ವರದಿ. 1927-28ರಲ್ಲಿ ಟಿ. ರಂಗಾಚಾರಿಯರ ಅಧ್ಯಕ್ಷತೆಯ ಸಮಿತಿ ದೇಶವನ್ನು ಸುತ್ತಿ 353 ಸಾಕ್ಷಿಗಳ ಹೇಳಿಕೆ ಪಡೆಯಿತು. ಪ್ರೇಕ್ಷಕರು ಯಾವ ವರ್ಗದವರು, ಸ್ತ್ರೀಯರೂ ಮಕ್ಕಳೂ ಬರುತ್ತಾರೆಯೇ ಎಂಬ ವಿಚಾರಗಳು ಆ ಸಾಕ್ಷ್ಯಸಂಪುಟಗಳಲ್ಲಿವೆ. ಎಸ್.ಕೆ. ಪಾಟೀಲರ ಸಮಿತಿಯ 1951ರ ವರದಿ ಸ್ವಾತಂತ್ರ್ಯಾನಂತರದ ಉದ್ಯಮದ ಹಣಕಾಸನ್ನು ತಿಳಿಸುತ್ತದೆ.

2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದು, ರಾಜ್ಯದ ಮನರಂಜನಾ ತೆರಿಗೆ ಅದರಲ್ಲಿ ಲೀನವಾಯಿತು. ಹಳೆಯ ಚಿತ್ರಮಂದಿರಗಳೂ ಒಂದೊಂದಾಗಿ ನೆಲಸಮವಾಗುತ್ತಿವೆ. ಅವುಗಳ ಲೆಕ್ಕದ ಪುಸ್ತಕಗಳು ರದ್ದಿಯ ತಕ್ಕಡಿಗೆ ಹೋದರೆ, ನಟರ ಚರಿತ್ರೆ ಉಳಿದೀತು; ನಾಲ್ಕಾಣೆ ಕೊಟ್ಟು ನೆಲದ ಮೇಲೆ ಕುಳಿತು ನೋಡಿದವನ ಚರಿತ್ರೆ ಉಳಿಯದು. ಅಂಥ ಪುಸ್ತಕ ಯಾರ ಅಟ್ಟದ ಮೇಲಾದರೂ ಇದ್ದರೆ, ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸುವುದು ನಾಡಿಗೆ ಮಾಡುವ ಉಪಕಾರ.

(ಬಾನುಲಿ ಭಾಷಣ)