ಸೀಸದ ಗುಂಡಿನ ಎರಡು ಹಿಗ್ಗುವಿಕೆಗಳು

ಬಾಯಿಯಿಂದ ಮದ್ದುಗುಂಡು ತುಂಬುವ ಕೋವಿಗಳಲ್ಲಿ ಒಂದು ತೊಡಕಿದ್ದಿತು. ಗುಂಡು ಸಡಿಲವಾದರೆ ನಳಿಗೆಯೊಳಗಿನ ಸುರುಳಿ ತೋಡುಗಳನ್ನು ಹಿಡಿಯದು; ಬಿಗಿಯಾದರೆ ಒಳಗಿಳಿಯದು. 1849ರಲ್ಲಿ ಫ್ರೆಂಚ್ ಸೇನಾಧಿಕಾರಿ ಕ್ಲೋಡ್ ಎತಿಯೆನ್ ಮಿನಿಯೆಯು ಗುಂಡಿನ ಪೊಳ್ಳು ಬುಡದಲ್ಲಿ ಕಬ್ಬಿಣದ ಪುಟ್ಟ ಬಟ್ಟಲೊಂದನ್ನು ಇರಿಸಿದನು. ಮದ್ದು ಸಿಡಿದೊಡನೆ ಅದು ಬೆಣೆಯಂತೆ ನುಗ್ಗಿ ಸೀಸವನ್ನು ಹಿಗ್ಗಿಸಬೇಕೆಂಬುದು ಎಣಿಕೆ. ಆದರೆ ಕೆಲವೊಮ್ಮೆ ಬಟ್ಟಲು ಗುಂಡಿನ ತಲೆಯನ್ನೇ ಭೇದಿಸಿ ಹಾರಿಹೋಗಿ, ಸೀಸದ ಬಳೆಯೊಂದು ನಳಿಗೆಯಲ್ಲಿಯೇ ಉಳಿಯುತ್ತಿದ್ದಿತು.

ಅಮೆರಿಕದ ಹಾರ್ಪರ್ಸ್ ಫೆರಿ ಶಸ್ತ್ರಾಗಾರದಲ್ಲಿ ಜೇಮ್ಸ್ ಬರ್ಟನ್ ಈ ಬಟ್ಟಲನ್ನೇ ಕೈಬಿಟ್ಟನು. ಬುಡದ ಅಂಚು ಸಾಕಷ್ಟು ತೆಳುವಾಗಿದ್ದರೆ ಅನಿಲದ ಒತ್ತಡವೊಂದೇ ಅದನ್ನು ಹಿಗ್ಗಿಸಬಲ್ಲದು. ಕೀರ್ತಿಯೆಲ್ಲ ಮಿನಿಯೆಗೆ ಸಂದಿದ್ದರೂ ಈ ಸರಳೀಕರಣವೇ ಹೆಚ್ಚಿನ ಸಾಧನೆಯೆಂದು ನನಗೆ ತೋರುತ್ತದೆ. ಆದರೆ ಮದ್ದಿನ ಅಳತೆ ತಪ್ಪುವಂತಿರಲಿಲ್ಲ: ಕಡಿಮೆಯಾದರೆ ಅಂಚು ತೋಡನ್ನು ಮುಟ್ಟದು, ಅತಿಯಾದರೆ ಅದು ವಿಕಾರಗೊಂಡು ಗುರಿ ತಪ್ಪುವುದು. 1855ರ ಕೋವಿಯಲ್ಲಿ ಸುಮಾರು 500 ಗ್ರೈನ್ ತೂಕದ ಗುಂಡಿಗೆ 60 ಗ್ರೈನ್ ಮದ್ದು. ವೇಗ ಸೆಕೆಂಡಿಗೆ ಸುಮಾರು 950 ಅಡಿ.

ಇಂದಿನ ರೈಫಲ್ಲುಗಳೆದುರು ಇದು ಮಂದಗತಿಯೇ. ಆದರೂ ಆ ಮೆದು ಸೀಸ ಮೂಳೆಗೆ ತಾಗಿ ಎರಡನೆಯ ಬಾರಿ ಹಿಗ್ಗುತ್ತಿದ್ದಿತು. ಅದರ ಫಲವನ್ನು ಕಂಡವರು 1861–65ರ ಅಂತರ್ಯುದ್ಧದ ಶಸ್ತ್ರವೈದ್ಯರು. ನುಚ್ಚುನೂರಾದ ಮೂಳೆಯನ್ನು ಕೂಡಿಸಲಾರದೆ ಅವರು ಸಾವಿರಾರು ಸೈನಿಕರ ಕೈಕಾಲುಗಳನ್ನು ಕತ್ತರಿಸಬೇಕಾಯಿತು.